ಯುಲು ಸಾಕಾ, ಸ್ಕೂಟರ್ ಬೇಕಾ, ಕಾರೇ ಆಗಬೇಕಾ? ಬೆಂಗಳೂರಿನಲ್ಲಿ ಬಾಡಿಗೆ ಗಾಡಿ ಆರಿಸುವುದು ಹೇಗೆ

ಸ್ವಂತ ಗಾಡಿ ಇಲ್ಲದವರಿಗೆ ಬೆಂಗಳೂರಿನಲ್ಲಿ ಈಗ ಆಯ್ಕೆಗೆ ಬರವಿಲ್ಲ. ಮೆಟ್ರೋ ಸ್ಟೇಷನ್ ಮೆಟ್ಟಿಲಿಳಿದರೆ ಸಾಲಾಗಿ ನಿಂತ ನೀಲಿ ಯುಲು ಗಾಡಿಗಳು, ನಿಮಿಷದ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಪುಟ್ಟ ವಿದ್ಯುತ್ ಗಾಡಿಗಳು. ಆ್ಯಪ್ ತೆರೆದರೆ ಗಂಟೆ ಲೆಕ್ಕದ ಸ್ಕೂಟರ್, ದಿನದ ಲೆಕ್ಕದ ಸೆಲ್ಫ್ ಡ್ರೈವ್ ಕಾರು. ಇವನ್ನು ಹೋಲಿಸುವಾಗ ಎಲ್ಲರೂ ನೋಡುವುದು ದರಪಟ್ಟಿಯನ್ನು. ನಿಮಿಷಕ್ಕೆ ಎಷ್ಟು, ಗಂಟೆಗೆ ಎಷ್ಟು, ಕಿಲೋಮೀಟರಿಗೆ ಎಷ್ಟು. ಅದು ಬೇಕು, ಆದರೆ ಅಷ್ಟೇ ಸಾಲದು. ಗಾಡಿ ಓಡುವಾಗ ಆಗುವ ಖರ್ಚು ಕಣ್ಣಿಗೆ ಕಾಣುತ್ತದೆ. ಜೇಬಿಗೆ ಕತ್ತರಿ ಬೀಳುವುದು ಗಾಡಿ ಸುಮ್ನೆ ನಿಂತಿರುವಾಗ.

ಹಾಗಾಗಿ ಈ ಲೇಖನದಲ್ಲಿ ಹೋಲಿಕೆಯನ್ನು ಅಲ್ಲಿಂದಲೇ ಶುರು ಮಾಡೋಣ.

ಮೊದಲು, ಯಾವುದು ಏನು

ಯುಲು ಬೆಂಗಳೂರಿನದೇ ಕಂಪನಿ. 2017ರಲ್ಲಿ ಹುಟ್ಟಿದ್ದು. ಅದರ ಮಿರಾಕಲ್ ಗಾಡಿ ಗಂಟೆಗೆ 25 ಕಿಲೋಮೀಟರ್ ವೇಗ ದಾಟುವುದಿಲ್ಲ. ಮೋಟಾರಿನ ಶಕ್ತಿ 250 ವ್ಯಾಟ್ ಒಳಗಿದ್ದು ವೇಗ 25ರ ಒಳಗಿದ್ದರೆ, ನಮ್ಮ ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನವೇ ಅಲ್ಲ. ಆದ್ದರಿಂದ ಡಿಎಲ್ ಬೇಡ, ನಂಬರ್ ಪ್ಲೇಟೂ ಇಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡು, ಹತ್ತು, ಹೊರಡು.

ಇನ್ನು ಪೆಟ್ರೋಲ್ ಸ್ಕೂಟರ್, ಬೈಕುಗಳ ಬಾಡಿಗೆ. ರಾಯಲ್ ಬ್ರದರ್ಸ್‌ನಂಥ ಕಂಪನಿಗಳು ಗಂಟೆ, ದಿನ, ತಿಂಗಳ ಲೆಕ್ಕದಲ್ಲಿ ಕೊಡುತ್ತವೆ. ಇದಕ್ಕೆ ಡಿಎಲ್ ಬೇಕೇ ಬೇಕು. ಕಾರಿನ ಲೈಸೆನ್ಸ್ ಮಾತ್ರ ಇದ್ದು ದ್ವಿಚಕ್ರದ್ದು ಇಲ್ಲದಿದ್ದರೆ ಸ್ಕೂಟರ್ ಓಡಿಸುವಂತಿಲ್ಲ. ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ.

ಕಾರಿನ ಕಡೆ ದೊಡ್ಡ ಹೆಸರು ಝೂಮ್‌ಕಾರ್. 2013ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಮೊದಲು ಕಂಪನಿಯ ಕಾರುಗಳೇ ಇದ್ದವು. ಈಗ ಹೆಚ್ಚಾಗಿ ಬೇರೆಯವರ ಕಾರುಗಳನ್ನು ಆ್ಯಪ್ ಮೂಲಕ ಬಾಡಿಗೆಗೆ ಬಿಡುವ ವ್ಯವಸ್ಥೆ. ಅಂದರೆ ನೀವು ಯಾರೋ ಒಬ್ಬರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಹೋಗಿ ಅವರ ಕಾರನ್ನು ತರುತ್ತೀರಿ. ಇದೇ ಕಂಪನಿ 2017ರಲ್ಲಿ ಪೆಡಲ್ ಅನ್ನುವ ಹೆಸರಲ್ಲಿ ಸೈಕಲ್ ಹಂಚಿಕೆಯನ್ನೂ ಶುರು ಮಾಡಿತ್ತು. ಅದು ಉಳಿಯಲಿಲ್ಲ. ಕಾರು ಉಳಿಯಿತು. ಎರಡೂ ಒಂದೇ ಥರದ ವ್ಯಾಪಾರ ಅಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಹೆಜ್ಜೆ 1: ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಬರೆದುಕೊಳ್ಳಿ

ಹೊರಡುವ ಮುಂಚೆ ಒಂದು ಚೀಟಿಯಲ್ಲೋ ಮೊಬೈಲಿನಲ್ಲೋ ಎರಡು ಅಂಕಿ ಬರೆಯಿರಿ. ಗಾಡಿ ಓಡುವ ಹೊತ್ತು ಎಷ್ಟು, ನಿಲ್ಲುವ ಹೊತ್ತು ಎಷ್ಟು.

ಇಂದಿರಾನಗರ ಮೆಟ್ರೋದಿಂದ ದಂತವೈದ್ಯರ ಹತ್ತಿರ ಹೋಗಬೇಕು ಅಂತಿಟ್ಟುಕೊಳ್ಳಿ. ಓಡುವುದು ಹತ್ತು ನಿಮಿಷ. ಕ್ಲಿನಿಕ್‌ನಲ್ಲಿ ಕಾಯುವುದು ಒಂದೂವರೆ ಗಂಟೆ. ಇಂಥ ಕೆಲಸಕ್ಕೆ ನಿಮಿಷದ ಲೆಕ್ಕದ ಗಾಡಿಯೇ ಸರಿ, ಆದರೆ ಒಂದು ಷರತ್ತು. ತಲುಪಿದ ತಕ್ಷಣ ಸವಾರಿ ಮುಗಿಸಿ ಗಾಡಿಯನ್ನು ಬಿಟ್ಟುಬಿಡಬೇಕು. ‘ವಾಪಸ್ ಬರುವಾಗ ಬೇಕಾಗುತ್ತಲ್ಲ’ ಅಂತ ಸವಾರಿ ಮುಗಿಸದೆ ತಡೆಹಿಡಿದು ಇಟ್ಟುಕೊಂಡರೆ ಹಲ್ಲಿನ ಬಿಲ್ ಜೊತೆ ಗಾಡಿ ಬಿಲ್ಲೂ ಏರುತ್ತದೆ. ವಾಪಸ್ ಬರಲು ಬೇರೆ ಗಾಡಿ ಸಿಗುತ್ತದೆ. ಸಿಗದಿದ್ದರೆ ಆಟೋ ಇದ್ದೇ ಇದೆ.

ಈಗ ತುಮಕೂರಿನಲ್ಲೊಂದು ಮದುವೆ. ಎಪ್ಪತ್ತು ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ವಾಪಸ್. ಕಾರು ಓಡುವುದು ಹೆಚ್ಚೆಂದರೆ ನಾಲ್ಕು ಗಂಟೆ. ಉಳಿದ ಹತ್ತು ಗಂಟೆ ಛತ್ರದ ಮುಂದೆ ನಿಂತಿರುತ್ತದೆ. ಆ ಹತ್ತು ಗಂಟೆಗೂ ದುಡ್ಡು ಕೊಡುತ್ತೀರಿ. ಬಿಟ್ಟು ಬರುವ ದಾರಿಯಿಲ್ಲ. ಮನೆಯವರು ನಾಲ್ಕೈದು ಜನ, ಜೊತೆಗೆ ಅಜ್ಜಿ, ಮುಯ್ಯಿ ಸಾಮಾನು ಅಂತಿದ್ದರೆ ಆ ಖರ್ಚು ನ್ಯಾಯವೇ. ಒಬ್ಬರೇ ಹೋಗುವುದಾದರೆ ಕೆಎಸ್‌ಆರ್‌ಟಿಸಿ ಬಸ್ಸೋ ರೈಲೋ ಹತ್ತುವುದು ಜಾಣತನ.

ಈ ಎರಡು ಅಂಕಿ ಬರೆದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ನಿಲ್ಲುವ ಹೊತ್ತು ಜಾಸ್ತಿ ಇದ್ದು ನಡುವೆ ಬಿಟ್ಟುಬಿಡಲು ಸಾಧ್ಯವಿದ್ದರೆ ಯುಲು ಥರದ್ದು. ದಿನವಿಡೀ ಹತ್ತಾರು ಕಡೆ ಸುತ್ತಬೇಕಿದ್ದರೆ, ಅದರಲ್ಲೂ ಒಬ್ಬರೇ ಇದ್ದರೆ, ದಿನದ ಬಾಡಿಗೆ ಸ್ಕೂಟರ್. ಊರಾಚೆ, ಮೂರು ಜನರಿಗಿಂತ ಹೆಚ್ಚು ಅಂದರೆ ಕಾರು.

ಊರೊಳಗಿನ ಓಡಾಟಕ್ಕೆ ಸೆಲ್ಫ್ ಡ್ರೈವ್ ಕಾರು? ನನ್ನ ಮಟ್ಟಿಗೆ ಅದು ದುಡ್ಡು ಕೊಟ್ಟು ತಲೆನೋವು ತರುವ ಕೆಲಸ. ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿ ಪಾರ್ಕಿಂಗ್ ಹುಡುಕುತ್ತಾ ಮೂರು ಸುತ್ತು ಹಾಕುವಾಗಲೂ ಬಾಡಿಗೆ ಓಡುತ್ತಲೇ ಇರುತ್ತದೆ. ಅದರ ಬದಲು ಕ್ಯಾಬ್ ಹಿಡಿಯಿರಿ.

ಹೆಜ್ಜೆ 2: ಎಲ್ಲಿ ಬಿಡಬೇಕು ಅನ್ನುವುದನ್ನು ನಕ್ಷೆಯಲ್ಲಿ ನೋಡಿ

ಗಾಡಿ ಎಲ್ಲಿ ಸಿಗುತ್ತದೆ ಅಂತ ಎಲ್ಲರೂ ನೋಡುತ್ತಾರೆ. ಎಲ್ಲಿ ಬಿಡಬಹುದು ಅಂತ ನೋಡುವವರು ಕಮ್ಮಿ. ಯುಲುವನ್ನು ಅದರ ಗುರುತಿನ ಜಾಗದಲ್ಲೇ ನಿಲ್ಲಿಸಬೇಕು. ಅದರಾಚೆ ಸವಾರಿ ಮುಗಿಸಲು ಹೋದರೆ ದಂಡ ಬೀಳುತ್ತದೆ. ಹಾಗಾಗಿ ಸ್ಕ್ಯಾನ್ ಮಾಡುವ ಮುಂಚೆಯೇ ನೀವು ಹೋಗುವ ರಸ್ತೆಯ ಹತ್ತಿರ ಅಂಥ ಜಾಗ ಇದೆಯಾ ನೋಡಿ. ಅಲ್ಲಿಂದ ಮನೆಗೆ ಹತ್ತು ನಿಮಿಷ ನಡೆಯಬೇಕು ಅಂತಾದರೆ ಲಾಭ ಏನು ಬಂತು?

ಮೈಸೂರಿನ ಟ್ರಿಣ್ ಟ್ರಿಣ್‌ನದ್ದು ಇನ್ನೊಂದು ಥರ. 2017ರ ಜೂನ್‌ನಲ್ಲಿ 48 ನಿಲ್ದಾಣ, 450 ಸೈಕಲ್ ಇಟ್ಟುಕೊಂಡು ಶುರುವಾದ ಯೋಜನೆ ಅದು. ಒಂದು ನಿಲ್ದಾಣದಲ್ಲಿ ಸೈಕಲ್ ಬಿಡಿಸಿಕೊಂಡು ಇನ್ನೊಂದು ನಿಲ್ದಾಣದ ಕಂಬಕ್ಕೆ ಸಿಕ್ಕಿಸಬೇಕು. ಸಮತಟ್ಟಾದ ಅಗಲ ರಸ್ತೆಗಳ ಊರಿಗೆ ಒಪ್ಪುವ ವ್ಯವಸ್ಥೆ. ಇಲ್ಲಿ ನೋಡಬೇಕಾದ್ದು ನೀವು ಹೋಗುವ ನಿಲ್ದಾಣದಲ್ಲಿ ಖಾಲಿ ಕಂಬ ಇದೆಯಾ ಅನ್ನುವುದು. ಸೈಕಲ್ ತೆಗೆದುಕೊಳ್ಳುವಾಗ ಚೈನು, ಬ್ರೇಕು, ಸೀಟಿನ ಎತ್ತರ ನೋಡಿಕೊಂಡೇ ಬಿಡಿಸಿಕೊಳ್ಳಿ. ಚಾಮುಂಡಿ ಬೆಟ್ಟ ಹತ್ತುವ ಆಸೆ ಬೇಡ. ಅರಮನೆ ಸುತ್ತ ತಿರುಗಾಡಲು ಚೆಂದ.

ಕಾರಿನದು ಬೇರೆ ಕಥೆ. ತಂದ ಜಾಗಕ್ಕೇ ವಾಪಸ್ ಒಯ್ಯಬೇಕು. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವ ಕಾರು ಹಂಚಿಕೆಯನ್ನು ಪ್ಯಾರಿಸ್ ನಗರ ದೊಡ್ಡದಾಗಿ ಮಾಡಿ ನೋಡಿತು. ಅಲ್ಲಿನ ಸೈಕಲ್ ಹಂಚಿಕೆ ವೆಲಿಬ್ 2007ರಿಂದ ಇವತ್ತಿಗೂ ನಡೆಯುತ್ತಿದೆ. 2011ರಲ್ಲಿ ಶುರುವಾದ ವಿದ್ಯುತ್ ಕಾರು ಹಂಚಿಕೆ ಆಟೋಲಿಬ್ 2018ರಲ್ಲಿ ಸಾಲದ ಹೊರೆ ತಾಳದೆ ಬಾಗಿಲು ಹಾಕಿತು. ಕಾರು ದುಬಾರಿ, ಜಾಗ ಜಾಸ್ತಿ ಬೇಕು, ಹೆಚ್ಚಿನ ಹೊತ್ತು ನಿಂತೇ ಇರುತ್ತದೆ. ನಿಂತ ಕಾರಿನ ಖರ್ಚನ್ನು ಯಾರಾದರೂ ಹೊರಲೇಬೇಕಲ್ಲ? ಬೆಂಗಳೂರಿನಲ್ಲಿ ಅದನ್ನು ಹೊರುವವರು ನೀವು, ‘ತಂದಲ್ಲಿಗೇ ತಲುಪಿಸಿ’ ಅನ್ನುವ ನಿಯಮದ ಮೂಲಕ. ಆದ್ದರಿಂದ ಬುಕ್ ಮಾಡುವಾಗ ಸಾವಿರ ರೂಪಾಯಿ ಅಗ್ಗದ ಕಾರು ವೈಟ್‌ಫೀಲ್ಡಿನಲ್ಲಿದ್ದು ನಿಮ್ಮ ಮನೆ ಕೆಂಗೇರಿಯಲ್ಲಿದ್ದರೆ, ಆ ಸಾವಿರ ಹೋಗಿಬರುವುದರಲ್ಲೇ ಕರಗುತ್ತದೆ. ಮನೆಯಿಂದ ಮೂರು ನಾಲ್ಕು ಕಿಲೋಮೀಟರ್ ಒಳಗಿನ ಕಾರನ್ನೇ ಹುಡುಕಿ.

ಹೆಜ್ಜೆ 3: ಆಟೋ ಮೀಟರನ್ನು ಅಳತೆಗೋಲು ಮಾಡಿಕೊಳ್ಳಿ

ಬಾಡಿಗೆ ಗಾಡಿಗಳ ದರ ಆಗಾಗ ಬದಲಾಗುತ್ತದೆ. ಆಟೋ ದರ ಸರ್ಕಾರ ಗೊತ್ತು ಮಾಡಿದ್ದು. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. (ಮೀಟರ್ ಹಾಕುವ ಆಟೋ ಸಿಗುವುದು ನಿಮ್ಮ ಅದೃಷ್ಟ, ಆ ಮಾತು ಬೇರೆ.)

ಯುಲುವಿಗೆ ಹತ್ತಿದ ಕೂಡಲೇ 5 ರೂಪಾಯಿ, ಆಮೇಲೆ ನಿಮಿಷಕ್ಕೆ 2 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಇವತ್ತಿನ ದರ ಎಷ್ಟಿದೆಯೋ ಅದನ್ನು ಆ್ಯಪ್ ನೋಡಿ ನೀವೇ ಹಾಕಿಕೊಳ್ಳಿ. ಎರಡು ಕಿಲೋಮೀಟರಿಗೆ ಹನ್ನೆರಡು ನಿಮಿಷ ಹಿಡಿದರೆ 29 ರೂಪಾಯಿ. ಆಟೋಗೆ 36. ವ್ಯತ್ಯಾಸ ಏಳೇ ರೂಪಾಯಿ. ಇಬ್ಬರಿದ್ದರೆ ಆಟೋನೇ ಅಗ್ಗ, ಯಾಕೆಂದರೆ ಯುಲುವಿನಲ್ಲಿ ಒಬ್ಬರೇ ಕೂರಬೇಕು. ಐದು ಕಿಲೋಮೀಟರ್ ಆದರೆ ಆಟೋಗೆ 90. ಯುಲು ಇಪ್ಪತ್ತೈದು ನಿಮಿಷ ತೆಗೆದುಕೊಂಡರೆ 55. ಇಲ್ಲಿ ಗೆಲ್ಲುತ್ತದೆ. ಆದರೆ ಅದೇ ದಾರಿಯಲ್ಲಿ ಜಾಮ್ ಆಗಿ ನಲವತ್ತು ನಿಮಿಷ ಆದರೆ 85. ಆಟೋ ಮೀಟರ್ ಓಡುವುದು ಹೆಚ್ಚಾಗಿ ದೂರಕ್ಕೆ, ಯುಲುವಿನದು ಸಮಯಕ್ಕೆ. ಸಿಲ್ಕ್ ಬೋರ್ಡ್ ಕಡೆ ಸಂಜೆ ಆರೂವರೆಗೆ ಹೋಗುವವರು ಇದನ್ನು ಮರೆಯಬಾರದು.

ಕಾರಿಗೂ ಇದೇ ಥರ ಮಾಡಿ. ತುಮಕೂರಿನ ಮದುವೆಗೆ ಬಾಡಿಗೆ 2,200 ಅಂತಿಟ್ಟುಕೊಳ್ಳಿ. 140 ಕಿಲೋಮೀಟರಿಗೆ ಸುಮಾರು ಒಂಬತ್ತೂವರೆ ಲೀಟರ್ ಪೆಟ್ರೋಲ್, ಅಂದರೆ ಸಾವಿರದ ಆಸುಪಾಸು. ಟೋಲ್ ಬೇರೆ. ಒಟ್ಟು 3,300 ದಾಟುತ್ತದೆ. ಐದು ಜನಕ್ಕೆ ಹಂಚಿದರೆ ತಲೆಗೆ 660. ಆ್ಯಪ್‌ನ ಮೊದಲ ಪುಟದಲ್ಲಿ ಕಾಣುವ ದರ ಇದಲ್ಲ. ಅದರ ಮೇಲೆ ತೆರಿಗೆ, ‘ಟ್ರಿಪ್ ಪ್ರೊಟೆಕ್ಷನ್’ (ಗಾಡಿಗೆ ಹಾನಿಯಾದರೆ ಅಂತ ಕಟ್ಟುವ ಶುಲ್ಕ), ಡೆಪಾಸಿಟ್, ಕಿಲೋಮೀಟರ್ ಮಿತಿ ದಾಟಿದರೆ ಹೆಚ್ಚುವರಿ ಹಣ ಎಲ್ಲ ಸೇರುತ್ತವೆ. ದುಡ್ಡು ಕಟ್ಟುವ ಕೊನೆಯ ಪುಟಕ್ಕೆ ಹೋಗಿ ಅಲ್ಲಿಯ ಮೊತ್ತವನ್ನು ಹೋಲಿಸಿ.

ಹೆಜ್ಜೆ 4: ಬೋರ್ಡ್ ಬಣ್ಣ ನೋಡಿ

ಇದು ಹೆಚ್ಚಿನವರು ಬಿಟ್ಟುಬಿಡುವ ವಿಷಯ, ಆದರೆ ಕಾರಿನ ಮಟ್ಟಿಗೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೇ ಇದು.

ಹಳದಿ ಬೋರ್ಡ್ ಮೇಲೆ ಕಪ್ಪು ಅಕ್ಷರ ಇದ್ದರೆ ಟ್ಯಾಕ್ಸಿ. ಬಿಳಿ ಬೋರ್ಡ್ ಮೇಲೆ ಕಪ್ಪು ಅಕ್ಷರ ಇದ್ದರೆ ಸ್ವಂತ ಬಳಕೆಯ ಗಾಡಿ. ನೀವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಬೋರ್ಡ್, ಹಳದಿ ಅಕ್ಷರ. ಬಾಡಿಗೆ ಸ್ಕೂಟರಿಗೂ ಅದೇ. ಇದಕ್ಕೆ ಕೇಂದ್ರ ಸರ್ಕಾರದ ಎರಡು ಹಳೆಯ ಯೋಜನೆಗಳಿವೆ. ಕಾರಿಗೆ 1989ರದ್ದು, ದ್ವಿಚಕ್ರಕ್ಕೆ 1997ರದ್ದು. ಬಾಡಿಗೆ ವ್ಯಾಪಾರದ ಲೈಸೆನ್ಸ್ ಪಡೆಯಲು ಕಾರಿನವರ ಬಳಿ ಕನಿಷ್ಠ 50 ಗಾಡಿ, ಬೈಕಿನವರ ಬಳಿ ಕನಿಷ್ಠ 5 ಗಾಡಿ ಇರಬೇಕು ಅನ್ನುತ್ತವೆ ಆ ನಿಯಮಗಳು.

ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ತಂದರೆ ಏನಾಗುತ್ತದೆ? ದಿನವೂ ಏನೂ ಆಗುವುದಿಲ್ಲ. ಆಗುವ ದಿನ ದೊಡ್ಡದಾಗಿ ಆಗುತ್ತದೆ. ಸ್ವಂತ ಬಳಕೆಯ ಕಾರಿನ ವಿಮೆಯಲ್ಲಿ, ಬಾಡಿಗೆಗೆ ಬಳಸಿದರೆ ಈ ವಿಮೆ ಅನ್ವಯಿಸುವುದಿಲ್ಲ ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅಪಘಾತವಾದಾಗ ವಿಮಾ ಕಂಪನಿ ಅದನ್ನೇ ತೋರಿಸಿ ಕೈ ತೊಳೆದುಕೊಳ್ಳಬಹುದು. ಆರ್‌ಟಿಓದವರು ಗಾಡಿಯನ್ನು ದಾರಿಯಲ್ಲೇ ಹಿಡಿದು ನಿಲ್ಲಿಸಿದರೆ ನಿಮ್ಮ ಪ್ರಯಾಣ ಅಲ್ಲಿಗೆ ಮುಗಿಯಿತು. ‘ಫ್ರೆಂಡ್ ಕಾರು ಅಂತ ಹೇಳಿಬಿಡಿ’ ಅಂತ ಮಾಲೀಕರು ಹೇಳಿಕೊಟ್ಟರೆ ಆ ಕಾರನ್ನು ಅಲ್ಲೇ ಬಿಟ್ಟು ಬನ್ನಿ.

ಗಾಡಿ ನಂಬರ್ ಸಿಕ್ಕಿದ ಕೂಡಲೇ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ವಿಮೆ ಎಲ್ಲಿಯವರೆಗೆ ಇದೆ, ಎಮಿಷನ್ ಸರ್ಟಿಫಿಕೇಟ್ ಇದೆಯಾ ಅನ್ನುವುದು ತಿಳಿಯುತ್ತದೆ. ಜೊತೆಗೆ ಕಂಪನಿಯವರನ್ನು ಒಂದೇ ಪ್ರಶ್ನೆ ಕೇಳಿ: ‘ಅಪಘಾತ ಆದರೆ ನನ್ನ ಕೈಯಿಂದ ಹೆಚ್ಚೆಂದರೆ ಎಷ್ಟು ಹೋಗುತ್ತೆ?’ ಉತ್ತರ ಒಂದು ಅಂಕಿಯಾಗಿರಬೇಕು. ‘ಎಲ್ಲ ಕವರ್ ಆಗುತ್ತೆ ಸರ್’ ಅನ್ನುವುದು ಉತ್ತರವಲ್ಲ.

ಯುಲುವಿಗೆ ಬೋರ್ಡಿನ ತಾಪತ್ರಯ ಇಲ್ಲ. ಹೆಲ್ಮೆಟ್ ಕಾನೂನೂ ಅದಕ್ಕೆ ತಾಗುವುದಿಲ್ಲ. ಆದರೂ ಹಾಕಿಕೊಳ್ಳಿ. ಅದರ ಚಕ್ರ ಚಿಕ್ಕದು. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಗೊತ್ತಾಗುವುದಿಲ್ಲ. ಬಾಡಿಗೆ ಸ್ಕೂಟರಿಗೆ ಮಾತ್ರ ಹೆಲ್ಮೆಟ್ ಕಡ್ಡಾಯ, ಹಿಂದೆ ಕೂತವರಿಗೂ. ಅವರು ಕೊಡುವ ಹೆಲ್ಮೆಟ್ ಎಷ್ಟು ತಲೆ ಕಂಡಿದೆಯೋ! ಸ್ವಂತದ್ದು ಒಯ್ಯುವುದು ಒಳ್ಳೆಯದು.

ಹೆಜ್ಜೆ 5: ಕೀಲಿ ಕೈಗೆ ಬರುವ ಮುಂಚೆ

ಯುಲು ಹತ್ತುವ ಮುಂಚೆ ಒಂದು ನಿಮಿಷ ಸಾಕು. ಬ್ಯಾಟರಿ ಎಷ್ಟಿದೆ ಅಂತ ಆ್ಯಪ್‌ನಲ್ಲೇ ತೋರಿಸುತ್ತದೆ. ಅರ್ಧಕ್ಕಿಂತ ಕಮ್ಮಿ ಇದ್ದರೆ ಪಕ್ಕದ್ದನ್ನು ನೋಡಿ. ಎರಡೂ ಬ್ರೇಕ್ ಒತ್ತಿ ಗಾಡಿಯನ್ನು ಮುಂದಕ್ಕೆ ತಳ್ಳಿ ನೋಡಿ. ಕ್ಯೂಆರ್ ಕೋಡ್ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿದೆಯಾ ನೋಡಿ. ಆಯಿತು, ಹೊರಡಿ.

ಕಾರಿಗೆ ಹದಿನೈದು ನಿಮಿಷ ಎತ್ತಿಡಿ. ಮಾಲೀಕರೋ ಅವರ ಕಡೆಯ ಹುಡುಗನೋ ಅವಸರ ಮಾಡುತ್ತಾರೆ. ಮಾಡಲಿ. ಮೊಬೈಲಿನಲ್ಲಿ ನಿಲ್ಲಿಸದೆ ಒಂದೇ ವಿಡಿಯೋ ಮಾಡಿ. ನಂಬರ್ ಪ್ಲೇಟಿನಿಂದ ಶುರು ಮಾಡಿ ಕಾರಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬನ್ನಿ. ಬಾಗಿಲುಗಳು ಹೇಗೂ ಕಾಣುತ್ತವೆ. ಜಗಳ ಬರುವುದು ಕಾಣದ ಜಾಗಗಳ ಬಗ್ಗೆ. ಮುಂದಿನ ಬಂಪರಿನ ಕೆಳಗಿನ ಅಂಚು, ಅಲಾಯ್ ಚಕ್ರದ ಅಂಚಿನ ಗೀರು, ಗಾಜಿನ ಮೇಲಿನ ಸಣ್ಣ ಚುಕ್ಕೆ, ಕನ್ನಡಿಯ ಹಿಂಬದಿ. ಬಂಪರಿನ ಕೆಳಗೆ ಕೂತು ಮೊಬೈಲನ್ನು ಮೇಲ್ಮುಖವಾಗಿ ಹಿಡಿದು ತೆಗೆಯಿರಿ. ಬೇಸ್‌ಮೆಂಟ್ ಕತ್ತಲಾದರೆ ಟಾರ್ಚ್ ಹಾಕಿ, ಇಲ್ಲವೇ ಕಾರನ್ನು ಬೆಳಕಿಗೆ ತರಿಸಿ. ಆಮೇಲೆ ಡಿಕ್ಕಿ ತೆರೆದು ಸ್ಟೆಪ್ನಿ, ಜಾಕು, ಸ್ಪ್ಯಾನರ್ ತೋರಿಸಿ. ಒಳಗೆ ಕೂತು ಇಂಜಿನ್ ಶುರು ಮಾಡಿ ಮೀಟರ್, ಪೆಟ್ರೋಲ್ ಮುಳ್ಳು, ಉರಿಯುತ್ತಿರುವ ಎಚ್ಚರಿಕೆ ದೀಪಗಳು ಕಾಣುವಂತೆ ತೆಗೆಯಿರಿ. ಎಸಿ ಹಾಕಿ, ವೈಪರ್ ಓಡಿಸಿ.

ನನಗೊಮ್ಮೆ ಕಾರು ವಾಪಸ್ ಕೊಟ್ಟ ಎರಡು ದಿನಕ್ಕೆ, ಬಂಪರ್ ಕೆಳಗೆ ಉಜ್ಜಿದೆ ಅಂತ ಡೆಪಾಸಿಟ್‌ನಿಂದ ದೊಡ್ಡ ಮೊತ್ತ ಮುರಿದುಕೊಂಡರು. ತರುವಾಗಿನ ವಿಡಿಯೋದಲ್ಲಿ ಆ ಗೀರು ಸ್ಪಷ್ಟವಾಗಿತ್ತು. ಅದನ್ನು ಕಳಿಸಿದ ಮೇಲೆ ಮಾತು ತಗ್ಗಿತು, ದುಡ್ಡು ವಾಪಸ್ ಬಂತು. ವಿಡಿಯೋವನ್ನು ಬರೀ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ. ಹೊರಡುವ ಮುಂಚೆಯೇ ಆ್ಯಪ್‌ಗೆ ಹಾಕಿ, ಮಾಲೀಕರ ವಾಟ್ಸಾಪ್‌ಗೂ ಕಳಿಸಿ. ದಿನಾಂಕ, ಸಮಯ ತಾನಾಗಿ ದಾಖಲಾಗುತ್ತದೆ.

ಫಾಸ್ಟ್‌ಟ್ಯಾಗ್‌ನಲ್ಲಿ ಎಷ್ಟು ಹಣ ಇದೆ, ಅದನ್ನು ಯಾರು ತುಂಬಬೇಕು ಅಂತ ಆಗಲೇ ಕೇಳಿ. ಟೋಲ್ ಗೇಟಿನಲ್ಲಿ ಹಿಂದಿನವರು ಹಾರ್ನ್ ಹೊಡೆಯುವಾಗ ಕೇಳಲು ಆಗುವುದಿಲ್ಲ.

ದಾರಿ ಯಾವುದು ಅನ್ನುವುದೂ ಗಾಡಿಯನ್ನು ಗೊತ್ತು ಮಾಡುತ್ತದೆ

ಮೈಸೂರಿಗೆ ಬಾಡಿಗೆ ಬೈಕಿನಲ್ಲಿ ಹೋಗೋಣ ಅಂದುಕೊಂಡಿದ್ದರೆ ನೆನಪಿರಲಿ, ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸಮಯ ಜಾಸ್ತಿ ಬೇಕು, ಹಾಗಾಗಿ ಗಂಟೆ ಲೆಕ್ಕದ ಬಾಡಿಗೆಯೂ ಜಾಸ್ತಿ. ಕಾರಿನಲ್ಲಿ ಹೋಗುವವರಿಗೆ ಅಲ್ಲಿ ಕ್ಯಾಮೆರಾಗಳಿವೆ. ಗಂಟೆಗೆ 100 ದಾಟಿದರೆ ದಂಡದ ನೋಟಿಸು ಮಾಲೀಕರ ಹೆಸರಿಗೆ ಹೋಗುತ್ತದೆ, ಅಲ್ಲಿಂದ ನಿಮ್ಮ ಡೆಪಾಸಿಟ್‌ಗೆ.

ಊಟಿಗೆ ಹೋಗುವವರು ತಮಿಳುನಾಡಿನ ಇ-ಪಾಸ್ ಪಡೆಯಬೇಕು. 2024ರ ಮೇ ತಿಂಗಳಿಂದ ಈ ನಿಯಮ ಬಂದಿದೆ. ಪಾಸಿಗೆ ಗಾಡಿ ನಂಬರ್ ಬೇಕು. ಬಾಡಿಗೆ ಕಾರಿನ ನಂಬರ್ ಕೊನೆಯ ಗಳಿಗೆಯಲ್ಲಿ ಕೈಗೆ ಬಂದರೆ ಪೇಚಾಟ, ಮೊದಲೇ ಕೇಳಿ ತೆಗೆದುಕೊಳ್ಳಿ. ಕಾರು ರಾಜ್ಯದ ಗಡಿ ದಾಟಬಹುದಾ ಅನ್ನುವುದನ್ನೂ ಆಗಲೇ ಬರಹದಲ್ಲಿ ತೆಗೆದುಕೊಳ್ಳಿ.

ಇನ್ನು ವಯನಾಡು, ಊಟಿ ಎರಡಕ್ಕೂ ಹೆಚ್ಚಿನವರು ಹಿಡಿಯುವ ಹಾದಿ ಬಂಡೀಪುರದ ಕಾಡಿನ ಮೂಲಕ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆ. ವಾಪಸ್ ಬರುವಾಗ ಹತ್ತು ನಿಮಿಷ ತಡವಾಗಿ ಗೇಟ್ ಹಾಕಿತು ಅಂದರೆ ಒಂಬತ್ತು ಗಂಟೆ ಕಾಯಬೇಕು. ತಡವಾದ ಗಂಟೆಗಳಿಗೆ ಕಂಪನಿಗಳು ಮಾಮೂಲಿ ದರ ಹಾಕುವುದಿಲ್ಲ, ಅದಕ್ಕಿಂತ ಜಾಸ್ತಿಯೇ ಹಾಕುತ್ತವೆ. ಆದ್ದರಿಂದ ಈ ಕಡೆ ಹೋಗುವವರು ಭಾನುವಾರ ರಾತ್ರಿ ಹನ್ನೊಂದಕ್ಕೆ ಅಂತ ಬುಕ್ ಮಾಡದೆ ಸೋಮವಾರ ಬೆಳಿಗ್ಗೆವರೆಗೆ ಮಾಡಿಕೊಳ್ಳುವುದು ಒಳ್ಳೆಯದು. ನಾಲ್ಕೈದು ನೂರು ಜಾಸ್ತಿ ಹೋದರೂ ಮನಸ್ಸಿಗೆ ನೆಮ್ಮದಿ.

ವಾಪಸ್ ಕೊಡುವಾಗ

ಯುಲುವಾದರೆ ಸವಾರಿ ಮುಗಿದಿದೆ ಅಂತ ಆ್ಯಪ್ ತೋರಿಸುವವರೆಗೆ ಅಲ್ಲೇ ನಿಲ್ಲಿ. ನೆಟ್‌ವರ್ಕ್ ಸಿಗದೆ ಬೀಗ ಬೀಳದಿದ್ದರೆ ಮೀಟರ್ ಓಡುತ್ತಲೇ ಇರುತ್ತದೆ. ಅದಕ್ಕೇ ಬೇಸ್‌ಮೆಂಟ್ ಪಾರ್ಕಿಂಗ್ ಒಳಗೆ ಒಯ್ಯಬೇಡಿ. ಗಾಡಿ ನಿಂತ ಜಾಗದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಕಾರಿಗೆ ಮತ್ತೆ ಅದೇ ವಿಡಿಯೋ, ಅದೇ ಕ್ರಮದಲ್ಲಿ. ಪೆಟ್ರೋಲ್ ತಂದಾಗ ಎಷ್ಟಿತ್ತೋ ಅಷ್ಟೇ ತುಂಬಿಸಿ ಬಿಲ್ ಇಟ್ಟುಕೊಳ್ಳಿ. ಜಾಸ್ತಿ ತುಂಬಿಸಿದ್ದನ್ನು ಯಾರೂ ವಾಪಸ್ ಕೊಡುವುದಿಲ್ಲ. ವಾರ ಕಳೆದ ಮೇಲೆ ಬೆಂಗಳೂರು ಟ್ರಾಫಿಕ್ ಪೊಲೀಸರ ವೆಬ್‌ಸೈಟಿನಲ್ಲಿ ಆ ಗಾಡಿ ನಂಬರ್ ಹಾಕಿ ದಂಡ ಏನಾದರೂ ಬಂದಿದೆಯಾ ನೋಡಿ. ದಿನಾಂಕ, ಸಮಯ ಅದರಲ್ಲಿರುತ್ತದೆ. ನಿಮ್ಮ ಹೊತ್ತಿನದಲ್ಲದ ದಂಡವನ್ನು ನಿಮ್ಮ ತಲೆಗೆ ಕಟ್ಟಿದ್ದರೆ ತೋರಿಸಲು ಅದು ಸಾಕು.

ಡೆಪಾಸಿಟ್ ಎಷ್ಟು ದಿನದಲ್ಲಿ ಬರುತ್ತದೆ ಅಂತ ಬುಕ್ ಮಾಡುವಾಗಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆ ದಿನ ದಾಟಿದರೆ ಮೊದಲು ಇಮೇಲ್ ಹಾಕಿ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಅದೇ ಇಮೇಲ್‌ಗೆ ಉತ್ತರವಾಗಿ ಕಳಿಸಿ.